ಬೀಗರ ಖಜಾನೆ

ದಂತಪ್ಪ ಎಂಬುದು ಅವನಿಗೆ ಹೆತ್ತವರು ಇಟ್ಟ ಹೆಸರಲ್ಲ. ಊರಿನ ಹಲ್ಲಿನ ಡಾಕ್ಟರುಗಳಿಗೆಲ್ಲ ಕಟ್ಟುಹಲ್ಲಿನ ಸೆಟ್ಟು ಮಾಡಿಕೊಡುವವನು ಅವನೇ. ಯಾವುದೋ ಕ್ಲಿನಿಕ್ಕಿನ ನರ್ಸಮ್ಮ ಒಂದು ದಿನ ತಮಾಷೆಗೆ ಹಾಗೆ ಕರೆದಳು, ಹೆಸರು ಅಂಟಿಕೊಂಡಿತು. ಈಗ ಮನೆಗೆ ಹಾಲು ಹಾಕುವವನೂ ದಂತಪ್ಪನವರೇ ಎನ್ನುತ್ತಾನೆ.

ಅವನ ಕೆಲಸದ ಕೋಣೆ ಫೋಟೋ ಫ್ರೇಮಿನ ಅಂಗಡಿಯ ಮೇಲಿನ ಮಹಡಿಯಲ್ಲಿ, ಹಿಂಭಾಗಕ್ಕೆ. ಗೋಡೆಯುದ್ದಕ್ಕೂ ಹಲಗೆ, ಹಲಗೆಯ ಮೇಲೆ ಸಾಲಾಗಿ ಪ್ಲಾಸ್ಟರಿನ ದವಡೆಗಳು. ಮೊದಲ ಸಲ ಬಂದವರಿಗೆ ಊರಿಗೆ ಊರೇ ಬಾಯಿ ತೆರೆದುಕೊಂಡು ಕೂತಂತೆ ಕಾಣುತ್ತದೆ. ಕಿಟಕಿಯ ಪಕ್ಕ ಪಾಲಿಶ್ ಮಾಡುವ ಮೋಟರು, ಅದರ ಕೆಳಗೆ ಒಂದು ಬಿಸ್ಕತ್ತಿನ ಡಬ್ಬ. ಡಬ್ಬದಲ್ಲಿ, ಸೆಟ್ಟಿನ ಅಚ್ಚು ಮಾಡುವ ಮೇಣವನ್ನು ಕೆತ್ತುವಾಗ ಬಿದ್ದ ಚೂರುಗಳು. ಬೇರೆಯವರು ಗುಡಿಸಿ ಎಸೆಯುವ ಆ ಚೂರನ್ನು ದಂತಪ್ಪ ಕೂಡಿಟ್ಟು, ಕಾಯಿಸಿ, ಮತ್ತೆ ಹಾಳೆ ಮಾಡಿಕೊಳ್ಳುತ್ತಿದ್ದ. ಸೆಟ್ಟು ಉಜ್ಜುವ ಮರಳುಕಾಗದ ಬಟ್ಟೆಯಷ್ಟು ನುಣ್ಣಗಾಗುವವರೆಗೆ ಬಿಡುತ್ತಿರಲಿಲ್ಲ. ಮನೆಯಲ್ಲಿ ಸವೆದ ಸೋಪಿನ ಬಿಲ್ಲೆಯನ್ನು ಹೊಸ ಸೋಪಿನ ಬೆನ್ನಿಗೆ ಅಂಟಿಸುತ್ತಿದ್ದ. ಲಾಂಡ್ರಿಯೊಂದರಲ್ಲಿ ಕೌಂಟರ್ ನೋಡಿಕೊಳ್ಳುವ ಅವನ ಹೆಂಡತಿ ಅಕ್ಕಪಕ್ಕದವರ ಹತ್ತಿರ ಹೇಳುತ್ತಿದ್ದಳು: "ನಮ್ಮನೆಯವರು ನಗೋದೂ ಲೆಕ್ಕ ಹಾಕಿ. ಹಲ್ಲು ಸವೆಯುತ್ತೆ ಅಂತ."

ಇದನ್ನು ಕೇಳಿ ಅವನಿಗೆ ಬೇಸರವಾಗುತ್ತಿರಲಿಲ್ಲ. ಒಳಗೊಳಗೇ ಖುಷಿ. ತಾನು ಯಾರ ಮುಂದೆಯೂ ಕೈ ಚಾಚಿದವನಲ್ಲ ಎಂಬುದು ಅವನಿಗಿದ್ದ ಒಂದೇ ಜಂಬ.

ಒಬ್ಬಳೇ ಮಗಳು. ಅವಳನ್ನು ಕೊಟ್ಟದ್ದು ಪಕ್ಕದ ಊರಿನ ಬಣ್ಣದ ಅಂಗಡಿಯವರ ಮನೆಗೆ. ಬೀಗರದು ದೊಡ್ಡ ದನಿ, ದೊಡ್ಡ ನಗು, ಗಿರಾಕಿ ಒಂದು ಡಬ್ಬ ಬಣ್ಣ ಕೊಂಡರೆ ಬ್ರಷ್ಷನ್ನು ಸುಮ್ಮನೆ ಕೊಟ್ಟುಬಿಡುವ ಕೈ. ಬೀಗಿತ್ತಿ ಮಾತು ಕಡಿಮೆ. ಅಂಗಡಿಯ ಗಲ್ಲಾದ ಹಿಂದೆ ಕೂತವರು ಅವರೇ, ಮದುವೆಯಾಗಿ ಬಂದಾಗಿನಿಂದ. ಮೊದಮೊದಲು ಎರಡೂ ಮನೆಗೆ ಮಾತು ಹೊಂದುತ್ತಲೇ ಇರಲಿಲ್ಲ. ಫೋನಿನಲ್ಲಿ "ಊಟ ಆಯ್ತಾ?" "ಆಯ್ತು, ನಿಮ್ಮದು?" ಎಂದ ಮೇಲೆ ಎರಡೂ ಕಡೆಯವರು ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

ಇದನ್ನು ನೋಡಲಾಗದೆ ಅಳಿಯನೇ ಒಂದು ಉಪಾಯ ಮಾಡಿದ. ಎಲ್ಲರ ಫೋನಿಗೂ ಒಂದು ಆಟ ಹಾಕಿಕೊಟ್ಟ. ಹಳೆಯ ಕಾಲದ ಒಂದು ರಾಜ್ಯ, ನಡುವೆ ನದಿ. ಆಡುವ ಒಬ್ಬೊಬ್ಬರಿಗೂ ಒಂದೊಂದು ಪಟ್ಟಣ. ಪಟ್ಟಣದ ತೆರಿಗೆಯಲ್ಲಿ ಒಂದು ಪಾಲು ಎಲ್ಲರಿಗೂ ಸೇರಿದ ಖಜಾನೆಗೆ ಹೋಗುತ್ತದೆ. ಕಾಲುವೆ ತೋಡಿಸಲು, ಕಣಜ ಕಟ್ಟಿಸಲು, ಕೋಟೆಗೆ, ಕುದುರೆಗೆ ಎಲ್ಲಕ್ಕೂ ಅಲ್ಲಿಂದಲೇ ಹೊನ್ನು ತೆಗೆಯಬೇಕು. ಗಡಿಯಾಚೆ ದಂಡು ಕಟ್ಟಿಕೊಂಡು ಕಾಯುವವರಿದ್ದಾರೆ. ಅವರೂ ಎಲ್ಲೋ ಕೂತು ಫೋನು ಒತ್ತುವ ಜನರೇ. ಬೀಗರು, ಬೀಗಿತ್ತಿ, ಅಳಿಯ, ಮಗಳು, ದಂತಪ್ಪ, ಅವನ ಹೆಂಡತಿ, ಹೀಗೆ ಆರು ಜನರ ರಾಜ್ಯ ಶುರುವಾಯಿತು.

ಖಜಾನೆ ಯಾರ ಕೈಗೆ ಎಂಬ ಪ್ರಶ್ನೆ ಬಂದಾಗ ಬೀಗರು ತಡಮಾಡಲಿಲ್ಲ. "ನಮ್ಮ ಬೀಗರಿಗೇ ಕೊಡಿ. ಬೀಗ ಹಾಕೋಕೆ ಬೀಗರಿಗಿಂತ ಬೇಕಾ?" ಎಂದು ತಮ್ಮ ಮಾತಿಗೆ ತಾವೇ ನಕ್ಕರು. ಖಜಾನೆಗೆ ಎರಡು ಕೀಲಿ, ಯಾವುದೊಂದರಿಂದಲೂ ತೆಗೆಯಬಹುದು; ಆಟದ ನಿಯಮದ ಪ್ರಕಾರ ಎರಡನೆಯದು ಇನ್ನೊಬ್ಬರ ಬಳಿ ಇರಬೇಕಿತ್ತು. ಎರಡೂ ಮನೆಗೆ ಸೇರಿದವಳೆಂದು ಅದನ್ನು ಮಗಳಿಗೆ ಕೊಟ್ಟರು. ಅವಳು ಅದನ್ನು ಮುಟ್ಟಲೂ ಇಲ್ಲ; ಅಪ್ಪ ಇರುವಾಗ ತನಗೇಕೆ ಎಂದು ಬಿಟ್ಟಿದ್ದಳು.

ಅಳಿಯನ ಉಪಾಯ ಫಲಿಸಿತು. ಈಗ ಫೋನು ಬಂದರೆ ಮಾತು ನಿಲ್ಲುತ್ತಲೇ ಇರಲಿಲ್ಲ. ದಂತಪ್ಪನ ಹೆಂಡತಿ ಲಾಂಡ್ರಿಯ ಕೌಂಟರಿನಲ್ಲಿ ಕೂತು ಹಡಗು ಕಟ್ಟಿಸಿದಳು. ಬೀಗರು ಕುದುರೆ ಸಾಕಿದರು. ಬೀಗಿತ್ತಿಯ ಪಟ್ಟಣ ರಾಜ್ಯದ ತುದಿಯಲ್ಲಿ, ಕಣಿವೆಯ ಬಾಯಿಯಲ್ಲಿತ್ತು. ಗಿರಾಕಿಯಿಲ್ಲದ ಮಧ್ಯಾಹ್ನಗಳಲ್ಲಿ ಅವರು ಕನ್ನಡಕವನ್ನು ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದು, ಅಲ್ಲಿ ಒಂದೊಂದೇ ಗಿಡ ನೆಟ್ಟು ತೋಟ ಎಬ್ಬಿಸಿದ್ದರು.

ದಂತಪ್ಪ ಖಜಾನೆ ಕಾದ. ಮೊದಲು ಪರದೆಯ ಮೇಲೆ ಒಂದು ಚೀಲದ ಚಿತ್ರವಿತ್ತು. ಆಮೇಲೆ ಚೀಲ ಹೋಗಿ ಪೆಟ್ಟಿಗೆ ಬಂತು. ಪೆಟ್ಟಿಗೆ ಹೋಗಿ, ಬಾಗಿಲು ಮುಚ್ಚಲಾಗದಷ್ಟು ಹೊನ್ನು ತುಂಬಿದ ಕೋಣೆ ಬಂತು. ಪಾಲಿಶ್ ಮೋಟರು ನಿಲ್ಲಿಸಿದಾಗಲೆಲ್ಲ ಅವನು ಕೈ ಒರೆಸಿಕೊಂಡು ಆ ಕೋಣೆಯನ್ನು ಒಂದು ಸಲ ನೋಡಿ ಬರುತ್ತಿದ್ದ. ಕಾಲುವೆ ಬೇಕೆಂದು ಬೀಗರು ಕೇಳಿದರೆ "ನೋಡೋಣ" ಎನ್ನುತ್ತಿದ್ದ. ಹಡಗಿಗೆ ಹಾಯಿ ಬೇಕೆಂದು ಹೆಂಡತಿ ಕೇಳಿದರೆ "ಹಳೇದೇ ಹೊಲಿಸ್ಕೋ" ಎನ್ನುತ್ತಿದ್ದ.

"ಇಟ್ಟುಕೊಂಡು ಏನ್ಮಾಡ್ತೀರಿ ಬೀಗರೇ, ಉಪ್ಪಿನಕಾಯಿ ಹಾಕ್ತೀರಾ?" ಎಂದು ಬೀಗರು ರೇಗಿಸುತ್ತಿದ್ದರು. "ಒಂದು ಕಾಲುವೆ ಆದ್ರೆ ಬೆಳೆ ಎರಡರಷ್ಟಾಗುತ್ತೆ. ತೆರಿಗೆನೂ ಎರಡರಷ್ಟು. ಖರ್ಚು ಮಾಡಿದ್ರೇ ಬರೋದು."

"ಖರ್ಚು ಯಾವತ್ತು ಬೇಕಾದ್ರೂ ಮಾಡಬಹುದು," ಎನ್ನುತ್ತಿದ್ದ ದಂತಪ್ಪ. "ಇಲ್ಲದಾಗ ಎಲ್ಲಿಂದ ತರೋದು?"

ಒಂದು ದಿನ ಬೀಗಿತ್ತಿಯೇ ಫೋನು ಮಾಡಿದರು. ತಾವಾಗಿ ಏನನ್ನೂ ಕೇಳದವರು. "ನನ್ನ ಊರಿನ ಗೋಡೆ ಒಂದು ಕಡೆ ಬಿದ್ದುಹೋಗಿದೆ. ಕಣಿವೆ ಕಡೆಯಿಂದ ಯಾರ್ಯಾರೋ ಬಂದು ಇಣುಕಿ ಹೋಗ್ತಿದ್ದಾರೆ. ಸ್ವಲ್ಪ ಹೊನ್ನು ಬಿಡಿ ಅಂತ ಕೇಳೋಣ ಅಂತ."

"ಈಗ ಬೇಡಮ್ಮ. ಕಷ್ಟಕಾಲಕ್ಕೆ ಇರಲಿ."

"ನಾವು ಗೋಡೆ ಕಟ್ಟೋವರೆಗೆ ಕಷ್ಟ ಹೊರಗೆ ಕಾಯ್ತಾ ಕೂತಿರುತ್ತಾ?" ಎಂದರು ಅವರು, ಮೆಲ್ಲಗೆ. ಮತ್ತೆ ಒತ್ತಾಯ ಮಾಡಲಿಲ್ಲ.

ಇದಾದ ಮೇಲೆ ಹೆಚ್ಚು ದಿನ ಕಳೆದಿರಲಿಲ್ಲ. ನಿವೃತ್ತರಾದ ಮೇಷ್ಟ್ರೊಬ್ಬರಿಗೆ ಮಾಡಿಕೊಟ್ಟ ಸೆಟ್ಟು ಸರಿ ಕೂರಲಿಲ್ಲವೆಂದು ಕ್ಲಿನಿಕ್ಕಿನಿಂದ ದಂತಪ್ಪನಿಗೆ ಕರೆ ಬಂತು. ಹೋದಾಗ ಹೊರಗಿನ ಬೆಂಚುಗಳ ತುಂಬ ಜನ. ಡಾಕ್ಟರಮ್ಮ ಸೆಟ್ಟನ್ನು ಅಂಗೈ ಮೇಲಿಟ್ಟುಕೊಂಡೇ ಹೊರಗೆ ಬಂದರು.

"ಇವರು ಬಾಯಿ ಮುಚ್ಚಿದ್ರೆ ಒಂದು ಕಡೆ ಹಲ್ಲು ಸೇರುತ್ತೆ, ಇನ್ನೊಂದು ಕಡೆ ಬಾಗಿಲು ತೆಗೆದ ಹಾಗಿರುತ್ತೆ. ಹಳೇ ಮೇಣ ಹಾಕಿದ್ರಾ?"

"ಸ್ವಲ್ಪ ಮಿಕ್ಕಿತ್ತು ಮೇಡಂ…"

"ಮಿಕ್ಕಿದ್ದನ್ನ ಹಾಕೋಕೆ ಇವರ ಬಾಯೇ ಸಿಗಬೇಕಿತ್ತಾ?"

ಬೆಂಚಿನ ಮೇಲೆ ಯಾರೋ ಕಿಸಕ್ಕೆಂದರು. ಬೊಚ್ಚು ಬಾಯಿಗೆ ಟವೆಲ್ಲು ಅಡ್ಡ ಹಿಡಿದು ಕೂತಿದ್ದ ಮೇಷ್ಟ್ರು ತಾವೇ ತಪ್ಪು ಮಾಡಿದವರಂತೆ, "ಪರ್ವಾಗಿಲ್ಲ ಬಿಡಿ, ಪರ್ವಾಗಿಲ್ಲ" ಎಂದರು. ಹಲ್ಲಿಲ್ಲದ್ದರಿಂದ ಆ ಮಾತೂ ಸರಿಯಾಗಿ ಹೊರಡಲಿಲ್ಲ. ಡಾಕ್ಟರಮ್ಮ ಬೈದದ್ದಕ್ಕಿಂತ ಅದು ಹೆಚ್ಚು ನಾಟಿತು. ಬೈಗುಳ ಸರಿಯಾಗಿಯೇ ಇತ್ತು. ಸೆಟ್ಟನ್ನು ಡಬ್ಬಕ್ಕೆ ಹಾಕಿಕೊಂಡು ಅವನು ತಲೆ ತಗ್ಗಿಸಿ ಹೊರಬಂದ.

ಕೋಣೆಗೆ ಬಂದು ಮೋಟರು ಹಾಕಲು ಮನಸ್ಸಾಗಲಿಲ್ಲ. ಫೋನು ತೆಗೆದ. ಆಟದಲ್ಲಿ ಎಲ್ಲರ ಪಟ್ಟಣಗಳ ಹಾಗೆ ಅವನ ಪಟ್ಟಣದ ಬಾಗಿಲಿಗೂ ದೂರದೇಶದ ಶಿಲ್ಪಿಯೊಬ್ಬ ಬಂದು ನಿಂತಿದ್ದ. ಅಮೃತಶಿಲೆಯ ವಿಜಯಗೋಪುರ ಕಟ್ಟಿಕೊಡುವೆ, ಇವತ್ತು ಹೊತ್ತು ಮುಳುಗುವವರೆಗೆ ಮಾತ್ರ ಅರ್ಧ ಬೆಲೆ ಎನ್ನುತ್ತಿದ್ದ. ಗೋಪುರದಿಂದ ಬೆಳೆ ಹೆಚ್ಚುವುದಿಲ್ಲ, ಶತ್ರು ಹೆದರುವುದಿಲ್ಲ. ನೋಡಲು ಚೆಂದ, ಅಷ್ಟೇ. ಆ ಅರ್ಧ ಬೆಲೆಯೇ ಖಜಾನೆಯಲ್ಲಿ ಇದ್ದದ್ದೆಲ್ಲವನ್ನೂ ನುಂಗುವಷ್ಟಿತ್ತು. ಬೇರೆ ದಿನವಾಗಿದ್ದರೆ ದಂತಪ್ಪ ಅವನನ್ನು ಬಾಗಿಲಿಂದಲೇ ಕಳಿಸುತ್ತಿದ್ದ. ಅವತ್ತು ಅರ್ಧ ಬೆಲೆ ಎಂಬ ಮಾತು ಕಣ್ಣು ಸೆಳೆಯಿತು. ಅರ್ಧ ಉಳಿಯಿತೆಂದರೆ ಅದೂ ಉಳಿತಾಯವೇ ಅಲ್ಲವೇ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಳ್ಳುವಾಗಲೇ ಅದು ಸುಳ್ಳೆಂದು ಗೊತ್ತಿತ್ತು. ಕೀಲಿ ತಿರುಗಿಸಿದ.

ಗೋಪುರ ಎದ್ದಿತು. ತಮಟೆ, ಕಹಳೆ. ಪುಟ್ಟ ಪುಟ್ಟ ಜನ ಮನೆಗಳಿಂದ ಓಡಿ ಬಂದು ಹೂ ಎರಚಿದರು. ಬಿಳಿ ಗಡ್ಡದ ಮಂತ್ರಿ ಬಾಗಿ, ನಿಮ್ಮಂಥ ಪ್ರಭುವನ್ನು ಈ ನಾಡು ಕಂಡಿರಲಿಲ್ಲ ಎಂದ. ಗೋಪುರವನ್ನು ಬೆರಳಿಂದ ಮುಟ್ಟಿದರೆ ಗಂಟೆ ಬಾರಿಸುತ್ತಿತ್ತು. ದಂತಪ್ಪ ಮತ್ತೆ ಮತ್ತೆ ಮುಟ್ಟಿದ. ಯಾರೂ ನೋಡದ ಕೋಣೆಯಲ್ಲಿ ಅವನ ಮುಖ ಅರಳಿತ್ತು.

ಭಯ ಶುರುವಾದದ್ದು ಮನೆಗೆ ಹೋಗುವ ಬಸ್ಸಿನಲ್ಲಿ. ಖಜಾನೆ ತೆರೆದು ನೋಡಿದರೆ ಖಾಲಿ ಕೋಣೆ, ಮೂಲೆಯಲ್ಲಿ ಒಂದು ಪೊರಕೆ. ಪೊರಕೆಯನ್ನು ಬರೆದವನಿಗೆ ಒಳ್ಳೆಯ ಹಾಸ್ಯಬುದ್ಧಿ ಇದ್ದಿರಬೇಕು. ತೆರಿಗೆ ಬಂದ ಹಾಗೆ ಮತ್ತೆ ತುಂಬುತ್ತದೆ, ನನ್ನನ್ನು ಕೇಳದೆ ಯಾರು ತೆಗೆದು ನೋಡುತ್ತಾರೆ ಎಂದು ಸಮಾಧಾನ ಮಾಡಿಕೊಂಡ. ಹೆಂಡತಿಗೆ ಹೇಳಲಿಲ್ಲ. ಕ್ಲಿನಿಕ್ಕಿನ ವಿಷಯವನ್ನೂ ಹೇಳಲಿಲ್ಲ.

ಆ ವಾರವೇ ಕಣಿವೆಯಿಂದ ದಂಡು ಇಳಿಯಿತು. ಬಿದ್ದ ಗೋಡೆಯ ಮೂಲಕ ನುಗ್ಗಿ ಬೀಗಿತ್ತಿಯ ಪಟ್ಟಣವನ್ನು ಸುಟ್ಟಿತು. ಭಾನುವಾರ ಬೆಳಿಗ್ಗೆ ಎಲ್ಲರೂ ವಿಡಿಯೋ ಕರೆಯಲ್ಲಿ ಸೇರಿದರು. ಆ ಕಡೆ ಬೀಗರ ಮನೆಯ ಮಂಚದ ಮೇಲೆ ನಾಲ್ವರು, ಈ ಕಡೆ ದಂತಪ್ಪನೂ ಹೆಂಡತಿಯೂ. ಬೀಗಿತ್ತಿ ತೋಟವಿದ್ದ ಜಾಗದ ಬೂದಿಯನ್ನು ಫೋನಿನಲ್ಲಿ ದೊಡ್ಡದು ಮಾಡಿ ನೋಡುತ್ತಿದ್ದರು.

"ಮಾವ, ಕೂಲಿ ಸೈನ್ಯ ತರಿಸೋಣ ಅಂತ ಖಜಾನೆ ನೋಡಿದ್ರೆ ಖಾಲಿ!" ಎಂದ ಅಳಿಯ. "ಕೀಲಿ ಹಾಕಿ ತೆಗೆದಿದ್ದಾರೆ ಅಂತ ತೋರಿಸ್ತಿದೆ. ಯಾರ ಕೀಲಿ ಅಂತ ಹೇಳಲ್ಲ."

"ಅಯ್ಯಯ್ಯೋ, ಇಲ್ಲಿ ನೋಡಿ!" ಬೀಗರು ಕೂಗಿದರು. "ಬೀಗರ ಊರಲ್ಲಿ ಗೋಪುರ ಎದ್ದಿದೆ! ಗಂಟೆ ಬೇರೆ!" ಟಣ್ ಎಂದು ಬಾರಿಸಿಯೂ ನೋಡಿದರು. "ಇದು ಬೀಗರ ಕೆಲಸ ಅಲ್ಲ ಬಿಡಿ. ಅವರು ಖರ್ಚು ಮಾಡಿದ್ರು ಅಂದ್ರೆ ನಾನು ಮೀಸೆ ಬೋಳಿಸ್ತೀನಿ. ಇನ್ನೊಂದು ಕೀಲಿ ಯಾರ ಹತ್ರ ಇತ್ತು?"

ಎಲ್ಲರೂ ಮಗಳ ಕಡೆ ತಿರುಗಿದರು. ಮಗಳು ಪರದೆಯಲ್ಲಿ ಅಪ್ಪನ ಕಡೆ ನೋಡಿದಳು. ದಂತಪ್ಪ "ಅದು…" ಎಂದು ಬಾಯಿ ತೆರೆದ. ಜೀವಮಾನವಿಡೀ ಕೂಡಿಟ್ಟಿದ್ದ ಹೆಸರೊಂದು ಆ ಕ್ಷಣ ನಾಲಿಗೆಯ ತುದಿಯಲ್ಲಿ ನಿಂತಿತ್ತು. ಬಾಯಿ ಬಿಟ್ಟರೆ ಹೋಯಿತು. ಮಾತು ಅಲ್ಲೇ ನಿಂತಿತು.

"ನಾನೇ ಮಾವ," ಎಂದಳು ಮಗಳು, ನಗುತ್ತಾ. "ಅರ್ಧ ಬೆಲೆ ಅಂತ ಇತ್ತು. ಅಪ್ಪನ ಊರು ಬೋಳುಬೋಳಾಗಿ ಕಾಣ್ತಿತ್ತು. ಇವತ್ತಲ್ಲ ನಾಳೆ ಹೇಳೋಣ ಅಂತಿದ್ದೆ."

"ನೀನಾ?" ಎಂದರು ಬೀಗಿತ್ತಿ.

"ಹೂಂ ಅತ್ತೆ. ತಪ್ಪಾಯ್ತು."

ದಂತಪ್ಪನ ಎದೆಯಿಂದ ದೊಡ್ಡದೊಂದು ಉಸಿರು ಹೊರಬಿತ್ತು. ಅಷ್ಟಕ್ಕೇ ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಸುಮ್ಮನಿರಲಿಲ್ಲ. ಖಜಾಂಚಿಯಾದವನು ಏನಾದರೂ ಅನ್ನಬೇಕಲ್ಲ ಎನಿಸಿತೋ ಏನೋ, ಗಂಟಲು ಗಟ್ಟಿ ಮಾಡಿಕೊಂಡು, "ನನ್ನನ್ನೊಂದು ಮಾತು ಕೇಳಬಾರದಿತ್ತೇನಮ್ಮ? ಎಲ್ಲರ ದುಡ್ಡು ಅದು. ನಾನು ಹೀಗಾ ನಿನ್ನನ್ನ ಬೆಳೆಸಿದ್ದು?" ಎಂದುಬಿಟ್ಟ.

ಮಗಳ ನಗು ಸ್ವಲ್ಪ ಹೊತ್ತು ಮುಖದ ಮೇಲೆ ಹಾಗೇ ಇತ್ತು, ತೆಗೆಯುವುದು ಮರೆತಂತೆ. "ಸರಿ ಅಪ್ಪ" ಎಂದಳು.

ಕರೆ ಮುಗಿದ ಮೇಲೆ ಹೆಂಡತಿ ಒಣಗಿದ ಬಟ್ಟೆ ಮಡಿಸುತ್ತಾ ಕೇಳಿದಳು: "ಅವಳಾ ಮಾಡಿದ್ದು?"

"ಅವಳೇ ಹೇಳಿದಳಲ್ಲ."

ಹೆಂಡತಿ ಅವನ ಅಂಗಿಯನ್ನು ಮಡಿಸದೆ ಬದಿಗಿಟ್ಟು ಒಳಗೆ ಹೋದಳು.

ಆಟದ ದುಡ್ಡು, ಆಟದ ಗೋಪುರ, ನಕ್ಕು ಮರೆತುಬಿಡುತ್ತಾರೆ ಎಂದು ದಂತಪ್ಪ ತನಗೆ ತಾನೇ ಬೇಕಾದಷ್ಟು ಸಲ ಹೇಳಿಕೊಂಡ. ಆದರೂ ಪಾಲಿಶ್ ಮಾಡುವಾಗ, ಬಸ್ಸಿನ ಕಂಬಿ ಹಿಡಿದು ನಿಂತಾಗ, ಹಲ್ಲುಜ್ಜುವಾಗ, "ನಾನು ಹೀಗಾ ನಿನ್ನನ್ನ ಬೆಳೆಸಿದ್ದು" ಎಂಬ ತನ್ನದೇ ದನಿ ಕಿವಿಯಲ್ಲಿ ಕೇಳಿಸಿ ಮೈ ಬಿಸಿಯಾಗುತ್ತಿತ್ತು. ಒಮ್ಮೆ ಬಸ್ಸಿನಲ್ಲಿ ಗಟ್ಟಿಯಾಗಿ "ಥೂ" ಎಂದುಬಿಟ್ಟ. ಪಕ್ಕದವರು ಸರಿದು ನಿಂತರು.

ಅಷ್ಟರಲ್ಲಿ ಬೀಗರ ಕಟ್ಟುಹಲ್ಲು ಬಿರುಕು ಬಿಟ್ಟಿತು. ಗಟ್ಟಿಯಾಗಿ ನಗುವಾಗ ಕೆಳಗೆ ಬಿತ್ತೆಂದು ಅಳಿಯ ತಂದುಕೊಟ್ಟ. ದಂತಪ್ಪ ಅದನ್ನು ಸರಿಮಾಡಿ, ಒಂದು ಮಧ್ಯಾಹ್ನ ತಾನೇ ಬಣ್ಣದ ಅಂಗಡಿಗೆ ಒಯ್ದ.

ಅಂಗಡಿ ಎಂದಿನಂತೆ ಟರ್ಪೆಂಟೈನಿನ ವಾಸನೆ ಹೊಡೆಯುತ್ತಿತ್ತು. ಬಣ್ಣ ಕಲೆಸುವ ಯಂತ್ರ ಗಡಗಡ ಅಲ್ಲಾಡುತ್ತಿತ್ತು. ಗಲ್ಲಾದ ಹಿಂದಿನ ಕುರ್ಚಿಯಲ್ಲಿ ಬೀಗಿತ್ತಿ ಇರಲಿಲ್ಲ. ಅಂಗಡಿಯ ಹಳೆಯ ಗುಮಾಸ್ತರು ಕೂತಿದ್ದರು. ಮಗಳು ಕೌಂಟರಿನ ಹತ್ತಿರ ನಿಂತು ಗಿರಾಕಿಯೊಬ್ಬರಿಗೆ ಬಣ್ಣದ ಮಾದರಿಗಳ ಪಟ್ಟಿ ಬಿಡಿಸಿ ತೋರಿಸುತ್ತಿದ್ದಳು. ಗಿರಾಕಿ ದುಡ್ಡು ಕೊಟ್ಟಾಗ ಅದನ್ನು ಗುಮಾಸ್ತರ ಕೈಗೆ ಕೊಟ್ಟು, "ಅಣ್ಣ, ಚಿಲ್ಲರೆ ಕೊಡಿ" ಎಂದು ಕೈಯೊಡ್ಡಿ ನಿಂತಳು.

"ಬೀಗಿತ್ತಿಯವರು ಎಲ್ಲಿ?" ಎಂದ ದಂತಪ್ಪ.

"ಅವಳಿಗೆ ಕಣ್ಣಿಗೆ ಪೊರೆ ಬಂದಿದೆ ಬೀಗರೇ, ಮುಂದಿನ ವಾರ ಆಪರೇಷನ್ನು. ದುಡ್ಡು ಎಣಿಸೋಕಾಗಲ್ಲ," ಎಂದರು ಬೀಗರು, ಹಲ್ಲನ್ನು ಬಾಯಿಗೆ ಹಾಕಿ ಎಡಕ್ಕೂ ಬಲಕ್ಕೂ ಕಚ್ಚಿ ನೋಡುತ್ತಾ. "ವಾಹ್, ಹೊಸದರ ಹಾಗಿದೆ! ಗಲ್ಲಾ ಕೀಲಿ ಸೊಸೆಗೆ ಕೊಡಬೇಕು ಅಂತಲೇ ಇದ್ದಳು. ಕಾಮರ್ಸ್ ಓದಿದೋಳು, ಚುರುಕು. ನಾನೇ ತಮಾಷೆಗೆ ಅಂದೆ, ಇವಳ ಕೈಗೆ ಕೀಲಿ ಕೊಟ್ರೆ ತವರಲ್ಲಿ ಇನ್ನೊಂದು ಗೋಪುರ ಏಳುತ್ತೆ ಕಣೇ ಅಂತ." ಆ ಹಲ್ಲಿನ ತುಂಬ ನಕ್ಕರು. ಗುಮಾಸ್ತರೂ ನಕ್ಕರು. ಗಿರಾಕಿಗೂ ಆ ಕತೆ ಗೊತ್ತಿತ್ತೆಂದು ಕಾಣುತ್ತದೆ, ಅವರೂ ನಕ್ಕರು. "ತಮಾಷೆಗೆ ಅಂದಿದ್ದು. ಅವಳು ಯಾಕೋ ಗುಮಾಸ್ತರಿಗೇ ಕೊಟ್ಟಳು."

ಮಗಳು ಮಾದರಿಗಳ ಪಟ್ಟಿಯನ್ನು ಒಂದೊಂದೇ ಮಡಿಕೆಯಾಗಿ ಮಡಿಸುತ್ತಿದ್ದಳು. ಅವಳೂ ನಗುತ್ತಿದ್ದಳು. ಅಪ್ಪನ ಕಡೆ ಮಾತ್ರ ನೋಡಲಿಲ್ಲ.

ದಂತಪ್ಪ "ಬರ್ತೀನಿ" ಎಂದು ಹೊರಟ. ಊಟಕ್ಕೆ ನಿಲ್ಲಿ ಎಂದರೂ ನಿಲ್ಲಲಿಲ್ಲ. ಬಸ್ ನಿಲ್ದಾಣದವರೆಗೆ ಬಿರಬಿರನೆ ನಡೆದ. ಬಸ್ಸು ಬಂತು, ಬಾಗಿಲು ಅವನ ಎದುರಿಗೇ ನಿಂತಿತು. "ಹತ್ತೋದಿದ್ರೆ ಹತ್ರೀ" ಎಂದ ಕಂಡಕ್ಟರು. ದಂತಪ್ಪ ಹತ್ತಲಿಲ್ಲ. ತಿರುಗಿ ನಡೆದ.

ಅಂಗಡಿಯ ಷಟರು ಅರ್ಧ ಎಳೆದಿತ್ತು. ಮೇಲಿನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದರು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತವನನ್ನು ನೋಡಿ ಬೀಗರು, "ಬನ್ನಿ ಬನ್ನಿ, ಬಸ್ ತಪ್ಪಿತಾ? ಒಳ್ಳೇದೇ ಆಯ್ತು, ತಟ್ಟೆ ಹಾಕು," ಎಂದರು.

"ಗೋಪುರ ಕಟ್ಟಿಸಿದ್ದು ನಾನು," ಎಂದ ದಂತಪ್ಪ.

"ಏನು?"

"ಖಜಾನೆ ಖಾಲಿ ಮಾಡಿದ್ದು ನಾನು. ಇವಳಲ್ಲ. ಇವಳು ಕೀಲಿ ಮುಟ್ಟೇ ಇಲ್ಲ. ಅವತ್ತು ನನಗೆ ಬಾಯಿ ಬರಲಿಲ್ಲ. ಇವಳು ಮೈಮೇಲೆ ಹಾಕ್ಕೊಂಡಳು, ನಾನು ಸುಮ್ಮನಿದ್ದೆ. ಸುಮ್ಮನಿರೋದೇನು, ಎಲ್ಲರೆದುರಿಗೆ ಇವಳನ್ನೇ ಬೈದೆ." ಬೀಗಿತ್ತಿಯ ಕಡೆ ತಿರುಗಿದ. "ನೀವು ಗೋಡೆಗೆ ಕೇಳಿದಾಗ ಇಲ್ಲ ಅಂದೆ. ಆಮೇಲೆ ಎಲ್ಲಾ ತೆಗೆದು ನನ್ನ ಮೆರವಣಿಗೆಗೆ ಸುರಿದೆ."

ಬೀಗರು ಹೋ ಎಂದು ನಕ್ಕರು. "ಅಯ್ಯೋ ಬೀಗರೇ, ಇಷ್ಟಕ್ಕಾ ಬಸ್ ಬಿಟ್ಟು ಬಂದಿರಿ? ಆಟದ ದುಡ್ಡಿಗೆ ಈ ಪರಿ…" ಹೆಂಡತಿಯ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದರು.

"ದುಡ್ಡು ಆಟದ್ದೇ," ಎಂದರು ಬೀಗಿತ್ತಿ. ಅವರಿಗೆ ದಂತಪ್ಪನ ಮುಖ ಮಸುಕಾಗಿಯೇ ಕಾಣುತ್ತಿದ್ದಿರಬೇಕು, ಆದರೂ ನೇರ ಅಲ್ಲಿಗೇ ನೋಡುತ್ತಿದ್ದರು. "ತೋಟನೂ ಆಟದ್ದೇ, ಹೋಗಲಿ. ಆದ್ರೆ ಇವಳು ನನ್ನ ಪಕ್ಕದಲ್ಲೇ ಕೂತು, ನನ್ನ ಮುಖ ನೋಡಿಕೊಂಡು ಸುಳ್ಳು ಹೇಳಿದಳಲ್ಲ, ಅದು ಆಟದ್ದಲ್ಲ. ನೀನಾ ಅಂತ ಕೇಳಿದೆ. ಹೂಂ ಅತ್ತೆ ಅಂದಳು."

ದಂತಪ್ಪನಿಗೆ ಇದು ಹೊಳೆದೇ ಇರಲಿಲ್ಲ. ತಾನು ನಿಜ ಹೇಳಿದರೆ ಮಗಳ ಮೇಲಿನ ಮಸಿ ಒರೆಸಿ ಹೋಗುತ್ತದೆ ಎಂದುಕೊಂಡೇ ಅಷ್ಟು ದೂರ ವಾಪಸು ನಡೆದಿದ್ದ. ಕೈ ಸಡಿಲ ಎಂಬ ಮಸಿ ಹೋಗಿ, ಅಪ್ಪನಿಗಾಗಿ ಅತ್ತೆಯ ಮುಂದೆ ಸಲೀಸಾಗಿ ಸುಳ್ಳು ಹೇಳುತ್ತಾಳೆ ಎಂಬ ಇನ್ನೊಂದು ಮಸಿ ಬಿತ್ತು. ಮಗಳು ತಟ್ಟೆಯನ್ನು ಅರ್ಧಕ್ಕೇ ಬಿಟ್ಟು, ಕೈ ತೊಳೆದು, ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಳಿಯ ಸ್ಕೂಟರಿನಲ್ಲಿ ನಿಲ್ದಾಣಕ್ಕೆ ಬಿಟ್ಟ. ಇಳಿಯುವಾಗ ಹೇಳಿದ: "ಅವತ್ತೇ ಹೇಳಿದ್ದಿದ್ರೆ ಎಲ್ಲರೂ ನಕ್ಕು ಬಿಟ್ಟುಬಿಡ್ತಿದ್ವಿ ಮಾವ." ಅದರಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ದಂತಪ್ಪನಿಗೆ ಸ್ವಲ್ಪ ಹಗುರವಾಗುತ್ತಿತ್ತು.

ಅವತ್ತು ಸಂಜೆ ಹೆಂಡತಿಗೆ ಎಲ್ಲವನ್ನೂ ಹೇಳಿದ. "ನನಗೆ ಅವತ್ತೇ ಗೊತ್ತಾಯ್ತು," ಎಂದಳು ಅವಳು. "ನೀವೇ ಹೇಳ್ತೀರೇನೋ ಅಂತ ಕಾಯ್ತಾ ಇದ್ದೆ."

ಅವನು ಕೀಲಿಯನ್ನು ಬಿಟ್ಟುಕೊಟ್ಟ. ಖಜಾನೆ ಬೀಗಿತ್ತಿಯ ಕೈಗೆ ಹೋಯಿತು. ಅವರು ಕೂಡಿಡಲೂ ಇಲ್ಲ, ಸೂರೆ ಮಾಡಲೂ ಇಲ್ಲ. ಬಂದದ್ದರಲ್ಲಿ ಮೊದಲು ಎಲ್ಲ ಪಟ್ಟಣಗಳ ಗೋಡೆ ಕಟ್ಟಿಸಿದರು, ಆಮೇಲೆ ಕಣಜ, ಆಮೇಲೆ ಬೀಗರ ಕಾಲುವೆ. ಅಷ್ಟಾಗಿ ಸ್ವಲ್ಪ ಉಳಿದರೆ ಪೆಟ್ಟಿಗೆಗೆ. ದಂತಪ್ಪ ತನ್ನ ಗೋಪುರವನ್ನು ಕೆಡವಿ ಆ ಕಲ್ಲನ್ನಾದರೂ ಗೋಡೆಗೆ ಕೊಡೋಣವೆಂದು ನೋಡಿದ. ವಿಜಯಗೋಪುರವನ್ನು ಕೆಡವಲು ಆಟದಲ್ಲಿ ದಾರಿಯೇ ಇರಲಿಲ್ಲ. ಅದು ಅಲ್ಲೇ ಬೆಳ್ಳಗೆ ನಿಂತಿತ್ತು, ಯಾರು ಬಂದರೂ ಮೊದಲು ಕಣ್ಣಿಗೆ ಬೀಳುವ ಹಾಗೆ. ಬೀಗರು ಈಗ ಗಂಟೆ ಬಾರಿಸುವುದನ್ನು ಬಿಟ್ಟಿದ್ದರು. ಅವರು ಬಾರಿಸಿ ನಕ್ಕಿದ್ದರೆ ಚೆನ್ನಾಗಿತ್ತು ಎಂದು ದಂತಪ್ಪನಿಗೆ ಅನ್ನಿಸುತ್ತಿತ್ತು.

ಮೇಷ್ಟ್ರಿಗೆ ಹೊಸ ಮೇಣದಲ್ಲಿ ಹೊಸ ಸೆಟ್ಟು ಮಾಡಿ ದುಡ್ಡು ತೆಗೆದುಕೊಳ್ಳದೆ ಕೊಟ್ಟ. ಅವರು ಕನ್ನಡಿ ನೋಡಿಕೊಂಡು ಸಂತೋಷಪಟ್ಟರು. ದಂತಪ್ಪ ಅವರ ಮುಖ ನೋಡಲಾಗದೆ ಬೇಗ ಎದ್ದು ಬಂದ.

ಮಗಳು ಅವನಿಗೆ ಫೋನು ಮಾಡುವುದನ್ನು ನಿಲ್ಲಿಸಿದ್ದಳು. ಅಮ್ಮನಿಗೆ ಮಾಡುತ್ತಿದ್ದಳು. ಬೀಗಿತ್ತಿಯ ಆಪರೇಷನ್ನು ಚೆನ್ನಾಗಿ ಆಯಿತು ಎಂಬ ಸುದ್ದಿ ಅವನಿಗೆ ಹೆಂಡತಿಯ ಬಾಯಿಂದ ತಿಳಿಯಿತು.

ಒಂದು ದಿನ ಅವನು ದವಡೆಯ ಅಚ್ಚೊಂದನ್ನು ಕೆತ್ತುತ್ತಾ ಕೂತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಮಗಳು. ಅಂಗಡಿಗೆ ಬೇಕಾದ ಸಾಮಾನು ನೋಡಲು ಊರಿಗೆ ಬಂದಿದ್ದಳಂತೆ. ಎರಡನೇ ಸ್ಟೂಲಿನ ಮೇಲಿದ್ದ ಡಬ್ಬಗಳನ್ನು ಕೆಳಗಿಟ್ಟು ಕೂತಳು. ಸೊಂಟದಲ್ಲಿ ಕೀಲಿಗೊಂಚಲು ಕಂಡಿತು.

"ಗಲ್ಲಾದ್ದಾ?" ಎಂದ ದಂತಪ್ಪ, ಆಸೆಯಿಂದ.

"ಹೂಂ. ಗುಮಾಸ್ತರ ಕೈ ನಡುಗುತ್ತೆ, ಎಣಿಸೋದ್ರಲ್ಲಿ ಗಿರಾಕಿ ಎದ್ದು ಹೋಗ್ತಾರೆ. ಅತ್ತೆ ಇನ್ನೂ ದಿನವಿಡೀ ಅಂಗಡೀಲಿ ಕೂರೋ ಹಾಗಿಲ್ಲ, ಅದಕ್ಕೇ ಕೊಟ್ರು. ನಂಬಿ ಅಲ್ಲ, ಬೇರೆ ದಾರಿ ಇಲ್ಲದೆ. ಸಂಜೆ ತಾವೇ ಇನ್ನೊಂದು ಸಲ ಎಣಿಸ್ತಾರೆ." ಗೊಂಚಲನ್ನು ಸರಿಯಾಗಿ ಸಿಕ್ಕಿಸಿಕೊಂಡು ಹೇಳಿದಳು: "ಎಣಿಸಲಿ. ಅವರು ಹಾಗೆ ಮಾಡೋದು ತಪ್ಪೇನಲ್ಲ."

"ತಪ್ಪು ನಂದು ಕಣೇ."

"ಗೊತ್ತು."

ಕೆಳಗಿನ ಅಂಗಡಿಯಲ್ಲಿ ಗಾಜು ಕೊಯ್ಯುವ ಸದ್ದು ಕೇಳುತ್ತಿತ್ತು. ಮಗಳು ಮೇಜಿನ ಮೇಲಿದ್ದ ಒಂದು ದವಡೆಯನ್ನು ಎತ್ತಿ ನೋಡಿ, ಇದ್ದಲ್ಲೇ ಇಟ್ಟಳು.

"ನೀನು ಸುಮ್ಮನಿದ್ದಿದ್ದು ನನಗೆ ಬೇಜಾರಿರಲಿಲ್ಲ ಅಪ್ಪ. ನಿನಗೆ ನಾಚಿಕೆ ಆಗಿದೆ ಅಂತ ನಿನ್ನ ಮುಖದಲ್ಲೇ ಇತ್ತು. ನನಗೇನು, ನಕ್ಕು ಕಳೀತೀನಿ ಅಂತ ನಾನೇ ಹೇಳಿದ್ದು. ಆಮೇಲೆ ಬೈದೆಯಲ್ಲ. ಬೈಯುವಾಗ ನಿನಗೆ ನಿಜವಾಗ್ಲೂ ಕೋಪ ಬಂದಿತ್ತು. ನಾನು ಮಾಡಿಲ್ಲ ಅಂತ ಗೊತ್ತಿದ್ದೂ ಕೋಪ ಬಂದಿತ್ತು. ಅದು ಹೇಗೆ ಬಂತು ಅಂತ ನಾನು ಯೋಚನೆ ಮಾಡ್ತಾನೇ ಇದ್ದೀನಿ."

ಅವಳು ಹೇಳಿದ್ದು ನಿಜವಾಗಿತ್ತು. ಆ ಕ್ಷಣ ತನ್ನ ಹೆಸರು ಉಳಿಯಿತೆಂಬ ನೆಮ್ಮದಿಯಲ್ಲಿ ಅವನು ಸುಳ್ಳನ್ನು ತಾನೇ ನಂಬಿಬಿಟ್ಟಿದ್ದ. ಕೈಯಲ್ಲಿದ್ದ ಚೂರಿಯನ್ನು ಕೆಳಗಿಟ್ಟ. ತೋಳಿನಿಂದ ಕಣ್ಣೊರೆಸಿಕೊಂಡ. ಮಗಳು ನೋಡಿದಳು, ಸಮಾಧಾನ ಮಾಡಲು ಮುಂದೆ ಬರಲಿಲ್ಲ, ಎದ್ದು ಹೋಗಲೂ ಇಲ್ಲ.

ಆಮೇಲೆ ಇಬ್ಬರೂ ಮೆಟ್ಟಿಲಿಳಿದು ನಿಲ್ದಾಣದ ಕಡೆ ನಡೆದರು. ಅವಳ ಕೈಚೀಲವನ್ನು ಅವನು ಹಿಡಿದುಕೊಂಡ. ಬಸ್ಸು ತಿರುವಿನಲ್ಲಿ ಕಂಡಾಗ ಧೈರ್ಯ ಮಾಡಿ ಕೇಳಿದ: "ನನಗೂ ಫೋನ್ ಮಾಡ್ತೀಯಾ?"

ಅವಳು ಚೀಲ ತೆಗೆದುಕೊಂಡು ಯೋಚಿಸಿದಳು. "ಅಮ್ಮನಿಗೆ ಮಾಡ್ದಾಗ ಪಕ್ಕದಲ್ಲಿರು," ಎಂದು ಬಸ್ಸು ಹತ್ತಿದಳು.

ಈಗ ಹೆಂಡತಿ ಲಾಂಡ್ರಿಯಿಂದ ಬರುವ ಹೊತ್ತಿಗೆ ದಂತಪ್ಪನೂ ಕೆಲಸ ನಿಲ್ಲಿಸಿ ಮನೆ ಸೇರಿರುತ್ತಾನೆ. ಫೋನು ಬಂದರೆ ಅವಳ ಪಕ್ಕದ ಕುರ್ಚಿಯಲ್ಲಿ, ಪೇಪರು ಓದುವವನಂತೆ ಹಿಡಿದುಕೊಂಡು ಕೂರುತ್ತಾನೆ. ತಾಯಿ ಮಗಳು ಅಂಗಡಿಯ ವಿಷಯ, ಅಡುಗೆಯ ವಿಷಯ, ಬೀಗಿತ್ತಿಯ ಕಣ್ಣಿನ ವಿಷಯ ಎಲ್ಲ ಮಾತಾಡುತ್ತಾರೆ. ಕೆಲವು ದಿನ ಕೊನೆಯಲ್ಲಿ ಹೆಂಡತಿ ಫೋನನ್ನು ಅವನ ಕಡೆ ಚಾಚುತ್ತಾಳೆ. ಕೆಲವು ದಿನ ಮಾತು ಮುಗಿದು ಫೋನು ಹಾಗೇ ಮೇಜಿನ ಮೇಲೆ ಕೂರುತ್ತದೆ. ಅಂಥ ದಿನ ಅವನು ಪೇಪರಿನ ಪುಟ ತಿರುಗಿಸುತ್ತಾನೆ, ಯಾಕೆಂದು ಕೇಳುವುದಿಲ್ಲ.